ಗೆಲಾಕ್ಸಿ ಗುಚ್ಛಗಳು ಯಾವ ಕಡೆಗೆ ಮುಖ ಮಾಡಿವೆ?

ಪತ್ತನಾಜೆ ಬಂದರೆ ತುಳುನಾಡಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಕೋಲಗಳು ನಿಲ್ಲುತ್ತವೆ, ಊರು ಮಳೆಗೆ ಕಾಯತೊಡಗುತ್ತದೆ. ಮೇ ತಿಂಗಳ ಆ ಕೊನೆಯ ವಾರದಲ್ಲಿ ಮೋಡವಿಲ್ಲದ ಒಂದು ರಾತ್ರಿ ಸಿಕ್ಕಿತೆನ್ನಿ. ಒಂಬತ್ತು ಗಂಟೆಯ ಹೊತ್ತಿಗೆ ಮಂಗಳೂರಿನ ಯಾವುದಾದರೂ ತಾರಸಿಯ ಮೇಲೆ ನಿಂತು ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ನೇರ ಮೇಲಕ್ಕೆ ನೋಡಿದರೆ, ಬರಿಗಣ್ಣಿಗೆ ಏನೂ ಕಾಣದ ಆ ಕತ್ತಲಿನಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿವೆ. ಖಗೋಳಜ್ಞರು ಅದನ್ನು ಕನ್ಯಾ ಗುಚ್ಛ ಎನ್ನುತ್ತಾರೆ. ನಮ್ಮಿಂದ ಅದರ ದೂರ ಸುಮಾರು 5.4 ಕೋಟಿ ಜ್ಯೋತಿರ್ವರ್ಷ. ನಮಗೆ ಅತಿ ಹತ್ತಿರದ ದೊಡ್ಡ ಗೆಲಾಕ್ಸಿ ಗುಚ್ಛ ಅದೇ.

ಅದು ನೆತ್ತಿಯ ಮೇಲೆಯೇ ಬರುವುದು ಮಂಗಳೂರಿಗೆ ದಕ್ಕಿರುವ ಅನುಕೂಲ. ನಗರದ ಅಕ್ಷಾಂಶ ಹೆಚ್ಚುಕಡಿಮೆ 12.9 ಡಿಗ್ರಿ ಉತ್ತರ. ಏಪ್ರಿಲ್ ಕೊನೆಯ ವಾರದಲ್ಲಿ ಇಲ್ಲಿ ಶೂನ್ಯ ನೆರಳಿನ ದಿನ ಬರುವುದಕ್ಕೂ ಇದೇ ಕಾರಣ: ಅಂದು ಸೂರ್ಯ ಆಕಾಶದ ಸಮಭಾಜಕ ವೃತ್ತದಿಂದ ಅಷ್ಟೇ ಡಿಗ್ರಿ ಉತ್ತರಕ್ಕಿರುತ್ತಾನೆ, ನಡು ಮಧ್ಯಾಹ್ನ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಕನ್ಯಾ ಗುಚ್ಛದ ನಡುವಿರುವ ದೈತ್ಯ ಗೆಲಾಕ್ಸಿ ಎಂ87 ಇರುವುದು 12.4 ಡಿಗ್ರಿ ಉತ್ತರದಲ್ಲಿ. ಹಾಗಾಗಿ ಅದು ದಿನಕ್ಕೊಮ್ಮೆ ಮಂಗಳೂರಿನ ನೆತ್ತಿಯಿಂದ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲದಷ್ಟು ಮಾತ್ರ, ದಕ್ಷಿಣಕ್ಕೆ ಸರಿದು ಹಾದುಹೋಗುತ್ತದೆ. 2019ರ ಏಪ್ರಿಲ್ 10ರಂದು ಪ್ರಪಂಚ ಮೊದಲ ಬಾರಿಗೆ ಕಪ್ಪುಕುಳಿಯ ಚಿತ್ರ ನೋಡಿತಲ್ಲ, ಆ ಕಪ್ಪುಕುಳಿ ಇರುವುದು ಈ ಎಂ87ರ ಒಡಲಲ್ಲಿ. ಅದರ ತೂಕ ಸೂರ್ಯನ 650 ಕೋಟಿ ಪಟ್ಟು.

ಹುಡುಕುವ ದಾರಿ ಸುಲಭ. ಉತ್ತರಾ ನಕ್ಷತ್ರದಿಂದ ಸ್ವಾತಿಯ ಕಡೆಗೆ ಮೂರನೇ ಒಂದು ಪಾಲು ದೂರ ಹೋಗಿ, ಅಲ್ಲಿಂದ ತುಸು ದಕ್ಷಿಣಕ್ಕೆ ಇಳಿಯಬೇಕು. ನಗರದ ಬೆಳಕಿನಲ್ಲಿ ಸಣ್ಣ ದೂರದರ್ಶಕಕ್ಕೂ ಅದು ಕಷ್ಟ. ಚಾರ್ಮಾಡಿಯ ಬುಡದಂಥ ಕತ್ತಲ ಜಾಗದಲ್ಲಿ ಅದೇ ದೂರದರ್ಶಕದಲ್ಲಿ ಎಂ87 ಮಂಕಾದ ಬೆಳಕಿನ ಮಚ್ಚೆಯಾಗಿ ಕಾಣಿಸಿಕೊಳ್ಳುತ್ತದೆ.

ಗುಚ್ಛ ಎಲ್ಲಿದೆ ಎಂಬುದಕ್ಕಿಂತ ಅದು ಯಾವ ಕಡೆಗೆ ಚಾಚಿಕೊಂಡಿದೆ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಸೆಳೆಯುತ್ತದೆ. ಗೆಲಾಕ್ಸಿ ಗುಚ್ಛಗಳು ಗುಂಡಗಿಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಗೆಲಾಕ್ಸಿಗಳು ಒಂದರ ಗುರುತ್ವಕ್ಕೆ ಇನ್ನೊಂದು ಸಿಕ್ಕಿ ಸುತ್ತುವ ಈ ಗುಂಪುಗಳು ಬಹುಪಾಲು ಉದ್ದುದ್ದವಾಗಿವೆ. ಉದ್ದವಿದೆ ಎಂದಮೇಲೆ ಅದಕ್ಕೊಂದು ದಿಕ್ಕೂ ಇದೆ. ಆ ದಿಕ್ಕು ಒಂದೊಂದು ಗುಚ್ಛಕ್ಕೆ ಒಂದೊಂದು ಥರ ಇರಬೇಕಿತ್ತು, ಏಕೆಂದರೆ ಅವುಗಳ ನಡುವೆ ಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ಅಂತರವಿದೆ. ಹಾಗಿಲ್ಲ. ನೆರೆಯ ಗುಚ್ಛಗಳು ಪರಸ್ಪರರ ಕಡೆಗೆ ಚಾಚಿಕೊಂಡಿವೆ.

ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರುವುದು ತನ್ನ ಸುತ್ತ ತಿರುಗುವುದರಿಂದ. ಗುಚ್ಛಗಳ ಉದ್ದನೆಯ ಆಕಾರಕ್ಕೆ ಆ ಕಾರಣ ಒಪ್ಪುವುದಿಲ್ಲ. ಗುಚ್ಛವೊಂದು ಇಡಿಯಾಗಿ ತಿರುಗುವ ವೇಗ ಅದಕ್ಕೆ ಸಾಲದು. ಆಕಾರ ಬಂದಿರುವುದು ದ್ರವ್ಯ ಒಳಗೆ ಬಂದು ಬಿದ್ದ ದಾರಿಯಿಂದ. ಇದನ್ನು ಹೇಳಲು ನಮ್ಮ ನಗರವೇ ಸಾಕು. ಪಶ್ಚಿಮಕ್ಕೆ ಸಮುದ್ರ ತಡೆದಿರುವ ಮಂಗಳೂರು ಉತ್ತರಕ್ಕೆ ಸುರತ್ಕಲ್‌ವರೆಗೆ, ದಕ್ಷಿಣಕ್ಕೆ ತೊಕ್ಕೊಟ್ಟಿನವರೆಗೆ ಹೆದ್ದಾರಿಯ ಗುಂಟ ಬೆಳೆದಿದೆ. ಆ ಹೆದ್ದಾರಿಯ ಮೇಲಿರುವ ಮೂಲ್ಕಿ, ಪಡುಬಿದ್ರಿ, ಕಾಪುಗಳೂ ಹಾಗೆಯೇ ಬೆಳೆದಿವೆ. ರಾತ್ರಿಯ ಉಪಗ್ರಹ ಚಿತ್ರದಲ್ಲಿ ರಸ್ತೆ ಕಾಣದಿದ್ದರೂ, ಊರಿನ ದೀಪಗಳು ಚಾಚಿಕೊಂಡ ರೀತಿಯಿಂದ ರಸ್ತೆ ಯಾವ ಕಡೆಗೆ ಹೋಗುತ್ತದೆ, ಮುಂದಿನ ಊರು ಎಲ್ಲಿದೆ ಎಂದು ಹೇಳಿಬಿಡಬಹುದು. ಜನ, ಸರಕು, ಹಣ ಬಂದ ದಾರಿ ಊರಿನ ಆಕಾರದಲ್ಲಿ ಉಳಿಯುತ್ತದೆ. ಗುಚ್ಛಗಳಲ್ಲೂ ನಡೆದಿರುವುದು ಇದೇ ಬಗೆಯದು.

ಈ ಮಾತು ಒಪ್ಪಿಗೆಯಾಗಲು ಹಿಡಿದ ಕಾಲ ದೊಡ್ಡದು, ಆ ಕತೆ ನಿಧಾನವಾಗಿ ಹೇಳಲು ತಕ್ಕದ್ದು. 1958ರಲ್ಲಿ ಅಮೆರಿಕದ ಜಾರ್ಜ್ ಅಬೆಲ್ ಪಾಲೊಮಾರ್ ವೀಕ್ಷಣಾಲಯದ ಫೋಟೊ ಫಲಕಗಳನ್ನು ಕಣ್ಣಿನಿಂದಲೇ ಶೋಧಿಸಿ 2,712 ಗುಚ್ಛಗಳ ಪಟ್ಟಿ ಪ್ರಕಟಿಸಿದರು. ಆ ಪಟ್ಟಿಯ ಬೆನ್ನಲ್ಲಿ ಗುಚ್ಛಗಳ ಆಕಾರದ ಬಗ್ಗೆ ಪ್ರಶ್ನೆಗಳು ಹುಟ್ಟಿಕೊಂಡವು. 1968ರಲ್ಲಿ ಜಿ. ಎನ್. ಶಾಸ್ತ್ರಿ ಎಂಬ ಖಗೋಳಜ್ಞರು ಗುಚ್ಛಗಳ ನಡುವಿನ ದೈತ್ಯ ಗೆಲಾಕ್ಸಿಗಳನ್ನು ಗಮನಿಸಿ, ಆ ದೈತ್ಯನ ಉದ್ದದ ಅಕ್ಷವೂ ಗುಚ್ಛದ ಉದ್ದದ ಅಕ್ಷವೂ ಒಂದೇ ದಿಕ್ಕಿನಲ್ಲಿರುವ ಒಲವಿದೆ ಎಂದು ತೋರಿಸಿದರು. ಗುಚ್ಛದ ಅಗಲ ಒಂದೆರಡು ಕೋಟಿ ಜ್ಯೋತಿರ್ವರ್ಷ. ದೈತ್ಯ ಗೆಲಾಕ್ಸಿ ಅದರ ಮುಂದೆ ತೀರ ಸಣ್ಣದು. ಆದರೂ ಎರಡೂ ಒಂದೇ ಗೆರೆಯ ಮೇಲೆ ಮಲಗಿವೆ ಎಂದಾದರೆ, ಒಂದನ್ನು ರೂಪಿಸಿದ್ದೇ ಇನ್ನೊಂದನ್ನೂ ರೂಪಿಸಿರಬೇಕು.

1982ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೂನೊ ಬಿಂಗೆಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಬೆಲ್ ಪಟ್ಟಿಯ 44 ಗುಚ್ಛಗಳನ್ನು ಆಯ್ದು, ಪ್ರತಿ ಗುಚ್ಛದ ಉದ್ದದ ಅಕ್ಷ ಯಾವ ಕಡೆಗಿದೆ ಎಂದು ಅಳೆದರು. ಆಮೇಲೆ ಅದರ ಅತಿ ಹತ್ತಿರದ ನೆರೆಗುಚ್ಛದ ಕಡೆಗೆ ಒಂದು ಗೆರೆ ಎಳೆದು, ಎರಡರ ನಡುವಿನ ಕೋನ ನೋಡಿದರು. ದಿಕ್ಕುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಈ ಕೋನ ಸೊನ್ನೆಯಿಂದ 90 ಡಿಗ್ರಿಯವರೆಗೆ ಎಷ್ಟು ಬೇಕಾದರೂ ಇರಬಹುದು, ಸರಾಸರಿ 45ಕ್ಕೆ ಬಂದು ನಿಲ್ಲಬೇಕು. ಅವರ ಲೆಕ್ಕದಲ್ಲಿ ಸುಮಾರು ಹತ್ತು ಕೋಟಿ ಜ್ಯೋತಿರ್ವರ್ಷದೊಳಗೆ ನೆರೆ ಇದ್ದ ಗುಚ್ಛಗಳಲ್ಲಿ ಕೋನ ಚಿಕ್ಕದಾಗುತ್ತ ಹೋಯಿತು. ಹತ್ತಿರದವು ಒಂದನ್ನೊಂದು ನೋಡುತ್ತಿದ್ದವು. ಇದಕ್ಕೆ ಬಿಂಗೆಲಿ ಪರಿಣಾಮ ಎಂದೇ ಹೆಸರಾಯಿತು.

ಮೂರು ವರ್ಷಕ್ಕೆ ಸವಾಲು ಬಂತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಜೇಮ್ಸ್ ಪೀಬಲ್ಸ್ ಮತ್ತು ಮಿಚೆಲ್ ಸ್ಟ್ರೂಬಲ್ 1985ರಲ್ಲಿ ಇನ್ನೂ ಹೆಚ್ಚು ಗುಚ್ಛಗಳನ್ನು ತೆಗೆದುಕೊಂಡು ಅದೇ ಪರೀಕ್ಷೆ ಮಾಡಿದರು. ಅವರಿಗೆ ಅಂಥ ಗಟ್ಟಿ ಪುರಾವೆ ಸಿಗಲಿಲ್ಲ. ಅವರ ಅನುಮಾನ ನ್ಯಾಯವಾದದ್ದೇ. ಮೂರ್ನಾಲ್ಕು ಡಜನ್ ಗುಚ್ಛಗಳಲ್ಲಿ ಆಕಸ್ಮಿಕ ಹೊಂದಾಣಿಕೆ ಕಾಣುವುದು ದೊಡ್ಡ ಮಾತಲ್ಲ. ಆಕಾಶ ನಮಗೆ ಚಪ್ಪಟೆಯಾಗಿ ಕಾಣುವುದರಿಂದ ಮುಂದಿನ ಗೆಲಾಕ್ಸಿ, ಹಿಂದಿನ ಗೆಲಾಕ್ಸಿ ಒಂದೇ ಗುಚ್ಛದಂತೆ ತೋರಿ ಆಕಾರವೇ ತಪ್ಪಾಗಬಹುದು. ದೊಡ್ಡ ಹೆಸರಿನವರು ಇಲ್ಲ ಎಂದಮೇಲೂ ಈ ಕೆಲಸ ನಿಲ್ಲಲಿಲ್ಲ ಎಂಬುದು ನನಗೆ ಈ ಕತೆಯಲ್ಲಿ ಹಿಡಿಸುವ ಸಂಗತಿ. ಕೆಲವರು ಗೆಲಾಕ್ಸಿಗಳನ್ನು ಎಣಿಸುವ ಬದಲು, ಗುಚ್ಛದ ಒಳಗೆ ತುಂಬಿರುವ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲವನ್ನು ಎಕ್ಸ್-ರೇ ದೂರದರ್ಶಕಗಳಲ್ಲಿ ನೋಡಿ ಆಕಾರ ಅಳೆದರು. ಕೊನೆಗೆ ಸ್ಲೋನ್ ಆಕಾಶ ಸಮೀಕ್ಷೆಯ ಸಾವಿರಾರು ಗುಚ್ಛಗಳು ಕೈಗೆ ಬಂದ ಮೇಲೆ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹೊಂದಾಣಿಕೆ ಸುಮಾರು 45 ಕೋಟಿ ಜ್ಯೋತಿರ್ವರ್ಷಗಳವರೆಗೂ ಇದೆ ಎಂದು ಖಚಿತಪಡಿಸಿತು. ಕಂಪ್ಯೂಟರಿನಲ್ಲಿ ವಿಶ್ವವನ್ನು ಬೆಳೆಸಿ ನೋಡಿದವರು 2005ರಲ್ಲೇ ಇಷ್ಟೇ ದೂರವನ್ನು ಊಹಿಸಿದ್ದರು. ನಿಜವಾದ ಆಕಾಶದಲ್ಲಿ ಸಿಕ್ಕ ಬಲ ಮಾತ್ರ ಊಹೆಗಿಂತ ಕಡಿಮೆಯಿತ್ತು.

ಈಗ ನಮ್ಮ ನೆತ್ತಿಯ ಮೇಲಿನ ಕನ್ಯಾ ಗುಚ್ಛಕ್ಕೆ ಬರೋಣ. ಚಿತ್ರದಲ್ಲಿ ನೋಡಿದರೆ ಅದು ಕ್ರಮವಿಲ್ಲದೆ ಚೆಲ್ಲಿದ ಗುಂಪು. 2000ದಲ್ಲಿ ಮೈಕಲ್ ವೆಸ್ಟ್ ಮತ್ತು ಜಾನ್ ಬ್ಲೇಕ್ಸ್‌ಲೀ ಅದರ ಪ್ರಕಾಶಮಾನ ಅಂಡಾಕಾರದ ಗೆಲಾಕ್ಸಿಗಳಿಗೆ ಒಂದೊಂದಾಗಿ ದೂರ ಕಟ್ಟಿದರು. ಗೆಲಾಕ್ಸಿ ಹತ್ತಿರವಿದ್ದಷ್ಟೂ ಅದರ ಚಿತ್ರದ ಬೆಳಕಿನಲ್ಲಿ ಏರಿಳಿತ ಹೆಚ್ಚು, ದೂರ ಹೋದಷ್ಟೂ ಅದು ನಯ. ಆ ಏರಿಳಿತವನ್ನು ಅಳೆದು ದೂರ ತಿಳಿಯುವ ವಿಧಾನವನ್ನು ಅವರು ಬಳಸಿದರು. ಮೂರು ಆಯಾಮದಲ್ಲಿ ಇಟ್ಟು ನೋಡಿದಾಗ ಆ ಗೆಲಾಕ್ಸಿಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಆ ಸಾಲು ನಾವು ನೋಡುವ ದಿಕ್ಕಿಗೆ ಹತ್ತು ಹದಿನೈದು ಡಿಗ್ರಿ ಮಾತ್ರ ಓರೆಯಾಗಿದೆ. ಅಂದರೆ ಅದು ನಮ್ಮಿಂದ ಆಚೆಗೆ, ಬಾನಿನ ಆಳಕ್ಕೆ ಚಾಚಿದೆ. ಚಪ್ಪಟೆ ಚಿತ್ರದಲ್ಲಿ ಅದು ಕಾಣದೇ ಹೋದದ್ದು ಅದಕ್ಕೇ. ಸಾಲನ್ನು ಇನ್ನೂ ಮುಂದಕ್ಕೆ ಎಳೆದರೆ ಗೆಲಾಕ್ಸಿಗಳ ಒಂದು ಸೇತುವೆ ಸಿಗುತ್ತದೆ. ಅದು ಸುಮಾರು 30 ಕೋಟಿ ಜ್ಯೋತಿರ್ವರ್ಷ ದೂರದ ಅಬೆಲ್ 1367 ಎಂಬ ಗುಚ್ಛದತ್ತ ಹೋಗುತ್ತದೆ. ಎಂ87ರ ಕಪ್ಪುಕುಳಿಯಿಂದ ಚಿಮ್ಮುವ ಸಾವಿರಾರು ಜ್ಯೋತಿರ್ವರ್ಷ ಉದ್ದದ ಧಾರೆ ಕೂಡ ಈ ದಿಕ್ಕಿನತ್ತಲೇ ವಾಲಿದೆ ಎಂದು ಅವರು ಗುರುತಿಸಿದರು.

ಈ ಆಳ ಸಾಮಾನ್ಯ ನಕ್ಷತ್ರ ಪಟದಲ್ಲಿ ಸಿಗುವುದಿಲ್ಲ. ಪಿಲಿಕುಳದ ಶಿವರಾಮ ಕಾರಂತ ನಿಸರ್ಗಧಾಮದ ಆವರಣದಲ್ಲಿ 2018ರ ಮಾರ್ಚ್ 1ರಂದು ಬಾಗಿಲು ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ದೇಶದ ಮೊದಲ 3ಡಿ ತಾರಾಲಯ. ಚಂದ್ರ, ಮಂಗಳ, ಶನಿಯ ಬಳೆ ಎಲ್ಲ ತಾರಾಲಯದಲ್ಲೂ ಚೆನ್ನಾಗಿಯೇ ಕಾಣುತ್ತವೆ. ಕನ್ಯಾ ಗುಚ್ಛದ ಸಾಲು ಆಳಕ್ಕೆ ಹೋಗುವುದನ್ನು, ಅದರ ತುದಿಯಲ್ಲಿ ಇನ್ನೊಂದು ಗುಚ್ಛ ನಿಂತಿರುವುದನ್ನು ಜನಕ್ಕೆ ಮನಗಾಣಿಸಲು 3ಡಿಯೇ ಬೇಕು. ವಿಶ್ವದ ರಚನೆಯನ್ನು ಶಾಲಾ ಮಕ್ಕಳಿಗೆ ತೋರಿಸಲು ಕರಾವಳಿಯಲ್ಲಿ ಇದಕ್ಕಿಂತ ತಕ್ಕ ಜಾಗ ಬೇರೆ ನನಗೆ ತೋಚುವುದಿಲ್ಲ.

ಅಬೆಲ್ 1367 ಕೂಡ ಆ ಮೇ ರಾತ್ರಿಯಲ್ಲಿ ನಮ್ಮ ಮೇಲೆಯೇ ಇರುತ್ತದೆ, ಉತ್ತರಾ ನಕ್ಷತ್ರದ ಪಕ್ಕ ಐದು ಡಿಗ್ರಿ ಉತ್ತರಕ್ಕೆ. ಅದರಿಂದ ಪೂರ್ವಕ್ಕೆ, ನೆತ್ತಿಯಿಂದ ಹದಿನೈದು ಡಿಗ್ರಿ ಉತ್ತರಕ್ಕೆ ಕೋಮಾ ಗುಚ್ಛವಿದೆ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಈ ಕೋಮಾದ ಗೆಲಾಕ್ಸಿಗಳ ವೇಗ ನೋಡಿ, ಕಾಣುವ ದ್ರವ್ಯದ ಗುರುತ್ವ ಇವನ್ನು ಹಿಡಿದಿಡಲು ಸಾಲದು ಎಂದರು. ಕಪ್ಪುದ್ರವ್ಯದ ಮಾತು ಶುರುವಾದದ್ದು ಅಲ್ಲಿಂದ. ಕೋಮಾ ಮತ್ತು ಅಬೆಲ್ 1367 ಎರಡೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಮಾರ್ಗರೆಟ್ ಗೆಲ್ಲರ್ ಮತ್ತು ಜಾನ್ ಹುಕ್ರಾ 1989ರಲ್ಲಿ ಪ್ರಕಟಿಸಿದ, ಸುಮಾರು 50 ಕೋಟಿ ಜ್ಯೋತಿರ್ವರ್ಷ ಉದ್ದದ ಗೆಲಾಕ್ಸಿಗಳ ಮಹಾಗೋಡೆಯಲ್ಲಿ ಎರಡೂ ಸೇರಿವೆ. ಕೋಮಾದ ನಡುವೆ ಎರಡು ದೈತ್ಯ ಗೆಲಾಕ್ಸಿಗಳಿವೆ, ಗುಚ್ಛ ಈಶಾನ್ಯದಿಂದ ನೈಋತ್ಯಕ್ಕೆ ಉದ್ದವಾಗಿದೆ, ನೈಋತ್ಯದ ಕಡೆಯಿಂದ ಎನ್‌ಜಿಸಿ 4839 ಎಂಬ ಗೆಲಾಕ್ಸಿಯನ್ನು ಮುಂದಿಟ್ಟುಕೊಂಡು ಒಂದು ಚಿಕ್ಕ ಗುಂಪು ಗುಚ್ಛದೊಳಕ್ಕೆ ಬೀಳುತ್ತಿದೆ. ಅಬೆಲ್ 1367 ಇರುವುದೂ ಸರಿಸುಮಾರು ಆ ಕಡೆಗೇ. ಹೆದ್ದಾರಿಯಲ್ಲಿ ಸರಕು ಇನ್ನೂ ಬರುತ್ತಿದೆ, ನಾವು ಅದನ್ನು ನೋಡುತ್ತಿದ್ದೇವೆ.

ಹೀಗೇಕಾಯಿತು ಎಂಬುದಕ್ಕೆ ಸೋವಿಯತ್ ವಿಜ್ಞಾನಿ ಯಾಕೊವ್ ಜೆಲ್ದೊವಿಚ್ 1970ರಲ್ಲಿ ಒಂದು ಸರಳ ಯೋಚನೆ ಕೊಟ್ಟರು. ಆದಿಯಲ್ಲಿ ದ್ರವ್ಯ ಎಲ್ಲೆಡೆ ಬಹುಮಟ್ಟಿಗೆ ಸಮನಾಗಿ ಹರಡಿತ್ತು, ಅಲ್ಲಲ್ಲಿ ಕೂದಲೆಳೆಯಷ್ಟು ಹೆಚ್ಚು, ಕೂದಲೆಳೆಯಷ್ಟು ಕಡಿಮೆ. ಹೆಚ್ಚಿದ್ದ ಕಡೆ ಗುರುತ್ವ ಎಳೆಯತೊಡಗಿತು. ಎಳೆತ ಮೂರೂ ದಿಕ್ಕಿನಲ್ಲಿ ಒಂದೇ ಸಮ ಇರುವುದು ಬಹಳ ಅಪರೂಪ. ಯಾವುದೋ ಒಂದು ದಿಕ್ಕಿನಲ್ಲಿ ಮೊದಲು ಕುಸಿದು ಹಾಳೆಯಾಯಿತು, ಎರಡನೆಯ ದಿಕ್ಕಿನಲ್ಲಿ ಕುಸಿದು ಎಳೆಯಾಯಿತು, ಎಳೆಗಳು ಕೂಡಿದಲ್ಲಿ ಗಂಟು ಬಿತ್ತು. ಆ ಗಂಟುಗಳೇ ಗುಚ್ಛಗಳು. ಎಳೆಯ ಉದ್ದಕ್ಕೂ ದ್ರವ್ಯ ಗಂಟಿನ ಕಡೆಗೆ ಹರಿಯುತ್ತಲೇ ಇರುತ್ತದೆ, ಗಂಟು ಆ ಹರಿವಿನ ದಿಕ್ಕಿಗೆ ಉದ್ದವಾಗುತ್ತದೆ. 1996ರಲ್ಲಿ ರಿಚರ್ಡ್ ಬಾಂಡ್, ಲೆವ್ ಕೊಫ್ಮನ್, ಡಿಮಿಟ್ರಿ ಪೊಗೊಸ್ಯಾನ್ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಎರಡು ಗುಚ್ಛಗಳಾಗಲಿರುವ ಜಾಗಗಳು ಮೊದಲೇ ಒಂದರ ಕಡೆಗೆ ಒಂದು ವಾಲಿದ್ದರೆ, ಅವುಗಳ ನಡುವಿನ ಸೇತುವೆ ಬಲವಾಗಿ ಬೆಳೆಯುತ್ತದೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಇಂದು ನಾವು ಅಳೆಯುವ ಕೋನದ ಬೀಜ ಆ ಮೊದಲ ಏರುಪೇರುಗಳಲ್ಲೇ ಇತ್ತು.

ಗುಚ್ಛಕ್ಕೆ ಮರೆವೂ ಇದೆ. ಒಳಗೆ ಬಿದ್ದ ಗೆಲಾಕ್ಸಿ ನೂರಾರು ಕೋಟಿ ವರ್ಷ ಅತ್ತಿಂದಿತ್ತ ಓಡಾಡಿ ತಾನು ಬಂದ ದಿಕ್ಕಿನ ಗುರುತು ಕಳೆದುಕೊಳ್ಳುತ್ತದೆ. ಆದ್ದರಿಂದ ಗುಚ್ಛದ ಈಗಿನ ಆಕಾರ ಹೆಚ್ಚಾಗಿ ಇತ್ತೀಚೆಗೆ ಬಂದು ಸೇರಿದ ದ್ರವ್ಯದ ಕತೆಯನ್ನೇ ಹೇಳುತ್ತದೆ. ನಡುವಿನ ದೈತ್ಯ ಗೆಲಾಕ್ಸಿ ಬೇರೆ. 2017ರಲ್ಲಿ ವೆಸ್ಟ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದ ಚಿತ್ರಗಳಿಂದ 65 ದೂರದ ಗುಚ್ಛಗಳನ್ನು ನೋಡಿ, ವಿಶ್ವದ ವಯಸ್ಸು ಈಗಿನ ಮೂರನೇ ಒಂದರಷ್ಟಿದ್ದಾಗಲೇ ದೈತ್ಯಗಳು ತಮ್ಮ ಗುಚ್ಛದ ಉದ್ದಕ್ಕೆ ಹೊಂದಿಕೊಂಡಿದ್ದವು ಎಂದು ಕಂಡುಕೊಂಡರು. ಸಾಮಾನ್ಯ ಗೆಲಾಕ್ಸಿಗಳಲ್ಲಿ ಇದು ಕಾಣಲಿಲ್ಲ. ಶಾಸ್ತ್ರಿಯವರು 1968ರಲ್ಲಿ ಹತ್ತಿರದ ಆಕಾಶದಲ್ಲಿ ಗುರುತಿಸಿದ್ದು ಸಾವಿರ ಕೋಟಿ ವರ್ಷಗಳಷ್ಟು ಹಳೆಯ ರೂಢಿ ಎಂದಾಯಿತು.

ಆಕಾರ ಎಂಬುದನ್ನು ಸಂಖ್ಯೆಯಲ್ಲಿ ಹೇಳುವುದು ಹೇಗೆ ಎಂಬ ಕೆಲಸದಲ್ಲಿ ಕರ್ನಾಟಕದ ಹೆಸರೂ ಇದೆ. ಗುರುತ್ವದ ಅಲೆಗಳ ಸಂಶೋಧನೆಯಿಂದ ಪ್ರಸಿದ್ಧರಾದ, ಹೆಸರಿನಲ್ಲೇ ಬೆಂಗಳೂರನ್ನು ಇಟ್ಟುಕೊಂಡ ಬೆಂಗಳೂರು ಸೂರ್ಯನಾರಾಯಣ ಸತ್ಯಪ್ರಕಾಶ್ ಅವರು 1998ರಲ್ಲಿ ವರುಣ್ ಸಾಹ್ನಿ, ಸೆರ್ಗೈ ಶಾಂದಾರಿನ್ ಜತೆ ಸೇರಿ, ಯಾವುದೇ ಮಹಾಗುಚ್ಛಕ್ಕೆ, ಅಂದರೆ ಗುಚ್ಛಗಳ ಗುಂಪಿಗೆ, ದಪ್ಪ, ಅಗಲ, ಉದ್ದ ಎಂಬ ಮೂರು ಅಳತೆ ಕೊಡುವ ಗಣಿತ ರೂಪಿಸಿದರು. ಅದರಿಂದ ಒಂದು ರಚನೆ ಹಾಳೆಯಂತಿದೆಯೇ, ಎಳೆಯಂತಿದೆಯೇ ಎಂದು ಕಣ್ಣಂದಾಜಿಲ್ಲದೆ ಹೇಳಬಹುದು. ಈ ಸಾಲು ಓದಿದವರು ಗುರುತ್ವದ ಅಲೆಗಳ ಸತ್ಯಪ್ರಕಾಶರ ಈ ಇನ್ನೊಂದು ಕೊಡುಗೆಯನ್ನೂ ನೆನಪಿಟ್ಟುಕೊಳ್ಳಲಿ ಎಂದು ನನ್ನ ಆಸೆ.

ಭಾರತೀಯರು ಕಂಡುಹಿಡಿದ ಮಹಾಗುಚ್ಛವೂ ಒಂದಿದೆ. 2017ರಲ್ಲಿ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯೂಕಾದಲ್ಲಿದ್ದ ಜೋಯದೀಪ್ ಬಾಗ್ಚಿ ಮತ್ತು ಸಂಗಡಿಗರು ಸ್ಲೋನ್ ಸಮೀಕ್ಷೆಯ ಮಾಹಿತಿಯಿಂದ ಮೀನ ರಾಶಿಯ ದಿಕ್ಕಿನಲ್ಲಿ, 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಅದನ್ನು ಗುರುತಿಸಿ ಸರಸ್ವತಿ ಎಂದು ಕರೆದರು. ಅದರ ಹರವು ಸುಮಾರು 60 ಕೋಟಿ ಜ್ಯೋತಿರ್ವರ್ಷ, ತೂಕ ಸೂರ್ಯನ ಇನ್ನೂರು ಕೋಟಿ ಕೋಟಿ ಪಟ್ಟು. ಅದರಲ್ಲಿನ ಅತಿ ದೊಡ್ಡ ಗುಚ್ಛ ಅಬೆಲ್ 2631. ಕುದ್ರೋಳಿಯಲ್ಲಿ ದಸರೆಯ ದೀಪಗಳು ಹೊತ್ತಿಕೊಂಡಿರುವ, ರಥಬೀದಿಯಲ್ಲಿ ಶಾರದೆ ಕುಳಿತಿರುವ ನವರಾತ್ರಿಯ ರಾತ್ರಿಗಳಲ್ಲಿ ಮಂಗಳೂರಿನ ಆಕಾಶದಲ್ಲಿ ಮೀನ ರಾಶಿ ಎತ್ತರದಲ್ಲೇ ಇರುತ್ತದೆ.

ಇಷ್ಟೆಲ್ಲ ಕೋನ ಅಳೆಯುವುದರಿಂದ ಉಪಯೋಗವೇನು ಎಂದು ಕೇಳಿದರೆ ನೇರ ಉತ್ತರವಿದೆ. 2023ರ ಜುಲೈ 1ರಂದು ಹಾರಿದ ಯೂರೋಪಿನ ಯೂಕ್ಲಿಡ್ ದೂರದರ್ಶಕದ ಗುರಿ ನೂರಾರು ಕೋಟಿ ಗೆಲಾಕ್ಸಿಗಳ ಆಕಾರ ಅಳೆಯುವುದು. ದೂರದ ಗೆಲಾಕ್ಸಿಯ ಬೆಳಕು ಬರುವ ದಾರಿಯಲ್ಲಿ ಕಪ್ಪುದ್ರವ್ಯವಿದ್ದರೆ ಅದರ ಗುರುತ್ವಕ್ಕೆ ಬೆಳಕು ಬಾಗುತ್ತದೆ, ಗೆಲಾಕ್ಸಿ ತುಸು ಎಳೆದಂತೆ ಕಾಣುತ್ತದೆ. ಅಕ್ಕಪಕ್ಕದ ಗೆಲಾಕ್ಸಿಗಳೆಲ್ಲ ಒಂದೇ ಕಡೆಗೆ ಎಳೆದಂತೆ ಕಂಡರೆ ನಡುವೆ ಎಷ್ಟು ಕಪ್ಪುದ್ರವ್ಯವಿದೆ ಎಂದು ಲೆಕ್ಕ ಹಾಕಬಹುದು. ಆ ಗೆಲಾಕ್ಸಿಗಳು ಹುಟ್ಟಿನಿಂದಲೇ ಒಂದೇ ಕಡೆಗೆ ಚಾಚಿದ್ದರೆ? ಆಗ ಲೆಕ್ಕ ತಪ್ಪುತ್ತದೆ. ಹುಟ್ಟಿನ ಹೊಂದಾಣಿಕೆ ಎಷ್ಟು, ಬೆಳಕು ಬಾಗಿದ್ದರಿಂದ ಬಂದದ್ದು ಎಷ್ಟು ಎಂದು ಬಿಡಿಸದೆ ಯೂಕ್ಲಿಡ್ ತನ್ನ ಉತ್ತರ ಹೇಳಲಾರದು. ಬಿಂಗೆಲಿಯ 44 ಗುಚ್ಛಗಳಿಂದ ಹೊರಟ ಪ್ರಶ್ನೆ ಇಂದು ಇಷ್ಟು ದೊಡ್ಡ ಯೋಜನೆಯ ನಡುವೆ ಕುಳಿತಿದೆ.

ಈ ಕೆಲಸಕ್ಕೆ ಬೇಕಾದ ಮಾಹಿತಿ ಬೀಗದೊಳಗಿಲ್ಲ ಎಂಬುದನ್ನು ನಮ್ಮ ಕಾಲೇಜುಗಳಿಗೆ ಒತ್ತಿ ಹೇಳಬೇಕು. ಸ್ಲೋನ್ ಸಮೀಕ್ಷೆಯ ಮಾಹಿತಿ ಯಾರಿಗೂ ಉಚಿತ. ಯೂಕ್ಲಿಡ್ ತನ್ನ ಮೊದಲ ಕಂತನ್ನು 2025ರ ಮಾರ್ಚ್ 19ರಂದು ಬಿಟ್ಟುಕೊಟ್ಟಿದೆ. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಎಂಎಸ್ಸಿ ಓದುವ ವಿದ್ಯಾರ್ಥಿನಿಯೊಬ್ಬಳು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಬಿಂಗೆಲಿಯ ಪರೀಕ್ಷೆಯನ್ನು ತಾನೇ ಮಾಡಿ ನೋಡಬಹುದು. ಕೋಮಾ ಇರುವ ಆಕಾಶದ ತುಂಡನ್ನು ಆಯ್ದುಕೊಂಡು, ಸೆಕೆಂಡಿಗೆ 4,000ದಿಂದ 10,000 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿರುವ ಗೆಲಾಕ್ಸಿಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಮುಂದಿನವು, ಹಿಂದಿನವು ಅಲ್ಲಿಗೆ ಬಿದ್ದುಹೋಗುತ್ತವೆ. ಉಳಿದವುಗಳ ಹರವಿಗೆ ಒಂದು ಅಂಡಾಕೃತಿ ಹೊಂದಿಸಿ ಅದರ ಉದ್ದದ ಅಕ್ಷ ಕಂಡುಕೊಳ್ಳಬೇಕು. ಅಲ್ಲಿಂದ ಅಬೆಲ್ 1367ಕ್ಕೆ ಗೆರೆ ಎಳೆದು ಕೋನ ಬರೆದಿಟ್ಟುಕೊಳ್ಳಬೇಕು. ಆಮೇಲೆ ಅಬೆಲ್ ಪಟ್ಟಿ ತೆರೆದು ಮುಂದಿನ ಗುಚ್ಛಕ್ಕೆ ಹೋಗಬೇಕು. ಒಂದು ಕೋನದಿಂದ ಏನೂ ಸಾಬೀತಾಗುವುದಿಲ್ಲ, ಪಟ್ಟಿಯಲ್ಲಿ ಇನ್ನೂ 2,711 ಇವೆ.